ಜನರೇಟರಿಗೆ ಅಪ್ಪಣೆ

ಜನರೇಟರಿಗೆ ಏನೂ ಆಗಿರಲಿಲ್ಲ. ಅದರಲ್ಲಿ ಡೀಸೆಲ್ ಇತ್ತು, ಅದಕ್ಕೆ ಕೀ ಇತ್ತು, ಕೀ ತಿರುಗಿಸಲು ಗೊತ್ತಿದ್ದ ಮನುಷ್ಯ ಅದರ ಪಕ್ಕದಲ್ಲೇ ನಿಂತಿದ್ದ. ತಿರುಗಿಸು ಎಂದು ಹೇಳಬೇಕಾದವಳು ನಾನು. ಅದು ನನಗೆ ಗೊತ್ತಿರಲಿಲ್ಲ. ನಡೆದದ್ದು ಇಷ್ಟೇ. ಈಗ ಊರಿನಲ್ಲಿ ಇದಕ್ಕೆ ಬಾಲ, ಕೊಂಬು ಎಲ್ಲ ಬಂದಿದೆ. ಮೊನ್ನೆ ವಾಮದಪದವಿನ ಬಸ್ಸಿನಲ್ಲಿ ಒಬ್ಬಳು ನನಗೇ ಹೇಳಿದಳು, ಯಾರೋ ಒಂದು ಮುದುಕಿ ಜನರೇಟರಿನ ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮದುಮಗನ ಕಡೆಯವರನ್ನೆಲ್ಲ ಸತಾಯಿಸಿದಳಂತೆ ಎಂದು. "ಇದ್ದೀತು, ಈಗಿನ ಮುದುಕಿಯರನ್ನು ನಂಬ್ಲಿಕ್ಕೆ ಆಗುದಿಲ್ಲ" ಎಂದು ಹೇಳಿ ನಾನು ನನ್ನ ಸ್ಟಾಪಿನಲ್ಲಿ ಇಳಿದೆ.

ನಾನು ನಾಲ್ಕನೇ ಕ್ಲಾಸಿನ ತನಕ ಹೋದವಳು. ಆಮೇಲೆ ಬೀಡಿ ಕಟ್ಟಿದ್ದೇ ಕಟ್ಟಿದ್ದು. ಆದರೂ ಅಧಿಕಾರ ಎಂದರೆ ಏನೆಂದು ನನಗೆ ಯಾರೂ ಕಲಿಸಬೇಕಾಗಿಲ್ಲ. ನಮ್ಮದು ಅಳಿಯಕಟ್ಟು, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವ ಕ್ರಮ. ನಾನು ಹುಟ್ಟಿದ ಮನೆಯಲ್ಲಿ ಜಾಗ ಅಜ್ಜಿಯ ಹೆಸರಿನಲ್ಲಿ, ಮಾತು ಸೋದರಮಾವನ ಬಾಯಿಯಲ್ಲಿ, ಅಕ್ಕಿ ಕೋಣೆಯ ಬೀಗದ ಕೈ ದೊಡ್ಡಮ್ಮನ ಸೊಂಟದಲ್ಲಿ. ಮಾವ ಜಗಲಿಯಲ್ಲಿ ಕೂತು "ನಾಳೆ ಹತ್ತು ಜನರಿಗೆ ಊಟ" ಎಂದು ಅಪ್ಪಣೆ ಮಾಡುತ್ತಿದ್ದರು. ಒಳಗಿನಿಂದ ದೊಡ್ಡಮ್ಮ ಒಮ್ಮೆ ಕೆಮ್ಮಿದರೆ "ನಾಡಿದ್ದು ಆದರೂ ಆದೀತು" ಎನ್ನುತ್ತಿದ್ದರು. ಆ ಕೆಮ್ಮು ಯಾವ ಒಪ್ಪಂದದಲ್ಲೂ ಬರೆದಿರಲಿಲ್ಲ. ಆದರೆ ಯಾರಿಗೂ ಗೊಂದಲ ಇರಲಿಲ್ಲ. ಬರೆದಿಡಲು ಸುರು ಮಾಡಿದ ಮೇಲೆಯೇ ಗೊಂದಲ.

ನಮ್ಮ ಊರಿನಲ್ಲಿ ಬರೆದಿಟ್ಟದ್ದು ಹೇಗೆಂದರೆ, ಪಂಚಾಯತಿನವರು ಒಂದು ಹಾಲು ಕಟ್ಟಿಸಿದರು. ಕುಡಿಯುವ ಹಾಲಲ್ಲ, ಮದುವೆ ಗಿದುವೆ ಮಾಡುವ ಹಾಲು. ಅದನ್ನು ನಡೆಸುವುದು ಪಂಚಾಯತಿಗೆ ಮಂಡೆಬಿಸಿ ಆಯಿತು. ಯಾರೋ ಬುದ್ಧಿವಂತರು ಬಂದು, ಇದಕ್ಕೊಂದು ಕಂಪೆನಿ ಮಾಡಿ ಎಂದರು. ಹಾಗೆ ಪಂಚಾಯತು ಒಂದು ಕಂಪೆನಿಯನ್ನು ಹೆತ್ತಿತು. ಹೆತ್ತದ್ದು ಹೌದು, ಆದರೆ ಮಗು ಅತ್ತರೆ ಎತ್ತಿಕೊಳ್ಳುವ ಹಾಗಿಲ್ಲ, ಅದು ಮಗುವಿನ ಸ್ವಂತ ವಿಷಯವಂತೆ. ಆ ಮಗು ಏನು ಮಾಡಿತು, ಹಾಲನ್ನು ನೋಡಿಕೊಳ್ಳಲು ದಾಮೋದರನಿಗೆ ಗುತ್ತಿಗೆ ಕೊಟ್ಟಿತು. ಒಪ್ಪಂದವನ್ನು ನಮಗೆಲ್ಲ ಓದಿ ಹೇಳಿದರು. ಗುಡಿಸುವುದು, ಒರೆಸುವುದು, ಬೀಗ ಹಾಕುವುದೆಲ್ಲ ದಾಮೋದರನ ನಿರ್ಧಾರ. ಯಂತ್ರದ ವಿಷಯ ಕಂಪೆನಿಯ ನಿರ್ಧಾರ. ಜಾಗ, ಗೋಡೆ, ಮರದ ವಿಷಯ ಪಂಚಾಯತಿನ ನಿರ್ಧಾರ. ಯಂತ್ರವನ್ನು ಯಾಕೆ ಬೇರೆ ಇಟ್ಟರೆಂದರೆ, ಹಿಂದೆ ಹಾಲು ನೋಡಿಕೊಳ್ಳುತ್ತಿದ್ದವನು ಆ ಜನರೇಟರಿನಲ್ಲಿ ತನ್ನ ಹೆಂಡತಿಯ ಹಿಟ್ಟಿನ ಗಿರಣಿ ಓಡಿಸಿದ್ದ. ಅವನು ಹೋದ, ನಿಯಮ ಉಳಿಯಿತು.

ಕಂಪೆನಿಗೆ ನಿರ್ದೇಶಕರು ಬೇಕು. ಅದರಲ್ಲಿ ಸ್ವಸಹಾಯ ಸಂಘದ ಒಬ್ಬ ಹೆಂಗಸು ಇರಲೇಬೇಕು. ಉಳಿದವರೆಲ್ಲ ಸೊಸೆಯ ಹೆರಿಗೆ, ದನದ ಹೆರಿಗೆ ಎಂದು ತಪ್ಪಿಸಿಕೊಂಡರು. ನಮ್ಮ ಮನೆಯಲ್ಲಿ ಆಗ ಯಾರೂ ಹೆರುವವರು ಇರಲಿಲ್ಲ. ನಾನು ನಿರ್ದೇಶಕಿ ಆದೆ.

ಮೊದಲನೆಯ ಮೀಟಿಂಗಿನಲ್ಲಿ ಬಹಳ ಮಾತಾಡಿದರು. ಯಂತ್ರದ ವಿಷಯದಲ್ಲಿ ಕಂಪೆನಿಯ ಪರವಾಗಿ ಒಬ್ಬರು ಹೇಳಬೇಕು, ಎಲ್ಲರೂ ಹೇಳಿದರೆ ಆಗುವುದಿಲ್ಲ ಎಂದು ಚರ್ಚೆಯಂತೆ. ಅಂತೆ ಎಂದು ಯಾಕೆ ಹೇಳುತ್ತೇನೆಂದರೆ, ಮನೆಯಲ್ಲಿ ನಾನು ಬಂಗುಡೆ ಕೊಯ್ದು ಉಪ್ಪು ಹಾಕಿಟ್ಟು ಬಂದಿದ್ದೆ. ನನ್ನ ಜೀವ ಎಲ್ಲ ಬೆಕ್ಕಿನ ಮೇಲಿತ್ತು. ನಮ್ಮ ಕಡೆ ಒಂದು ಜವಾಬ್ದಾರಿ ಕೊಡುವುದಾದರೆ ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟು ಮುಂದೆ ಹಿಡಿಯುತ್ತಾರೆ. ತೆಗೆದುಕೊಂಡರೆ ಒಪ್ಪಿದ ಹಾಗೆ, ಆಮೇಲೆ ಹಿಂದೆ ಸರಿಯುವಂತಿಲ್ಲ. ಆ ದಿನವೂ ತಟ್ಟೆ ಹಿಡಿದರು. ಅಧ್ಯಕ್ಷರಾದ ಸೇಸಪ್ಪಣ್ಣ "ನಂಗಿಂತ ಪ್ರಾಯ ಆದವರು ಇದ್ದಾರೆ, ನಾನು ಹೇಗೆ ತೆಗೊಳ್ಳುದು" ಎಂದು ಕೈ ಮುಗಿದು, ಫೋನ್ ಬಂತೆಂದು ಹೊರಗೆ ಹೋದರು. ಪಕ್ಕದವರು ಇನ್ನೊಬ್ಬರನ್ನು ತೋರಿಸಿದರು. ಅವರು ಮತ್ತೊಬ್ಬರನ್ನು. ಹೀಗೆ ಮರ್ಯಾದೆ ಕೊಟ್ಟುಕೊಳ್ಳುತ್ತಾ ತಟ್ಟೆ ನನ್ನ ಹತ್ತಿರ ಬಂತು. ಚಹಾ ಆಯಿತು, ಇನ್ನು ಎಲೆ ಅಡಿಕೆ ಎಂದು ನಾನು ತಿಳಿದುಕೊಂಡೆ. ಒಳ್ಳೆಯ ಒಂದು ಎಲೆ ಆರಿಸಿ, ಹೋಳು ಅಡಿಕೆ ಬಾಯಿಗೆ ಹಾಕಿ, "ಸುಣ್ಣ ಇಲ್ವಾ?" ಎಂದು ಕೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮೀಟಿಂಗ್ ಮುಗಿದ ಖುಷಿಗೆ ಇರಬೇಕೆಂದು ನಾನೂ ತಟ್ಟಿದೆ.

ಆಮೇಲೆ ಕರೆಂಟು ಹೋದಾಗ ಹಾಲಿನಲ್ಲಿ ಕಾರ್ಯಕ್ರಮ ಇರಲಿಲ್ಲ, ಕಾರ್ಯಕ್ರಮ ಇದ್ದಾಗ ಕರೆಂಟು ಹೋಗಲಿಲ್ಲ. ಹಾಗಾಗಿ ನನ್ನ ಅಧಿಕಾರ ನನಗೇ ಗೊತ್ತಿಲ್ಲದೆ ತಣ್ಣಗೆ ಕೂತಿತ್ತು. ಅದು ಎದ್ದದ್ದು ನನ್ನ ಮೊಮ್ಮಗಳು ರಕ್ಷಾಳ ನಿಶ್ಚಿತಾರ್ಥದ ದಿನ.

ಹುಡುಗ ತೋಡಾರಿನವನು. ಹುಡುಗ ಒಳ್ಳೆಯವನು, ಆದರೆ ಅವನಿಗೊಬ್ಬರು ಸೋದರಮಾವ ಇದ್ದರು. ಆ ಮನೆಯಲ್ಲಿ ಎಲ್ಲದಕ್ಕೂ ಮಾವನ ತಲೆ ಅಲ್ಲಾಡಬೇಕು. ಹಿಂದೆ ಒಂದು ಸಂಬಂಧದಲ್ಲಿ ಕಾಫಿ ಆರಿತ್ತೆಂದು ಎದ್ದು ಬಂದ ಜನ ಎಂದು ಕೇಳಿದ್ದೆವು. ಹಾಗಾಗಿ ಅವರಿಗೆ ಕಾಫಿಯನ್ನು ನನ್ನ ಮಗಳು ಶಶಿಕಲಾ ಕುದಿಯುವಾಗಲೇ ಕೊಟ್ಟು, ಅವರ ನಾಲಗೆ ಸ್ವಲ್ಪ ಸುಟ್ಟಿತ್ತು. ಅದರ ಮೇಲೆ ಇನ್ನೇನೂ ಆಗಬಾರದೆಂದು ನಾವು ಉಸಿರು ಹಿಡಿದುಕೊಂಡಿದ್ದೆವು. ಉಂಗುರ ಹಾಕಿ ಆಗಿತ್ತು. ಮದುವೆಯ ದಿನ ಇಡುವುದು ಊಟದ ಮೇಲೆ, ಹಿರಿಯರು ಕೂತು. ದಿನ ಇಡದೆ ಮಾವ ಎದ್ದು ಹೋದರೆ ಉಂಗುರ ಉಂಗುರವಾಗಿಯೇ ಉಳಿಯುತ್ತದೆ, ಮದುವೆ ಆಗುವುದಿಲ್ಲ. ರಕ್ಷಾಳಿಗೆ ಆ ಹುಡುಗ ಮನಸ್ಸಿಗೆ ಬಂದಿದ್ದ. ಅವಳು ಹೇಳಿರಲಿಲ್ಲ. ಆದರೆ ಬೆಳಿಗ್ಗೆ ಮೂರು ಸಲ ಜಡೆ ಬಿಚ್ಚಿ ಹೆಣೆದವಳಿಗೆ ಬಾಯಿಬಿಟ್ಟು ಹೇಳುವ ಅಗತ್ಯ ಇಲ್ಲ.

ಊಟಕ್ಕೆ ಕೋರಿ ರೊಟ್ಟಿ. ಎಲ್ಲರೂ ರೊಟ್ಟಿಯನ್ನು ಕೋಳಿ ಗಸಿಯಲ್ಲಿ ನೆನೆಸಿ ಚೆನ್ನಾಗಿ ಹೊಡೆದರು. ಮುಗಿಯುವ ಹೊತ್ತಿಗೆ ಎಲ್ಲೋ ತೆಂಗಿನ ಮಡಲು ತಂತಿಯ ಮೇಲೆ ಬಿದ್ದು ಕರೆಂಟು ಹೋಯಿತು. ಮೊದಲ ಪಂಕ್ತಿಯವರು ಕೈ ತೊಳೆಯಲು ಹೋದರೆ ನಳ್ಳಿಯಲ್ಲಿ ಗಾಳಿ. ಟ್ಯಾಂಕಿನ ನೀರು ಪಾತ್ರೆ ತೊಳೆಯುವಲ್ಲಿಗೆ ಮುಗಿದಿತ್ತು. ಇರುವುದು ಕೊಳವೆಬಾವಿ, ಕೊಡಪಾನ ಇಳಿಸುವ ಹಾಗಿಲ್ಲ. ಕುಡಿಯುವ ನೀರಿನ ಕ್ಯಾನುಗಳು ಮಕ್ಕಳ ಪಂಕ್ತಿಯಲ್ಲೇ ಖಾಲಿ. ಬಂದ ನೆಂಟರಿಗೆ ಬೆಲ್ಲ ನೀರು ಕೊಡುವ ಊರು ನಮ್ಮದು. ಅಲ್ಲಿ ಹಾಲು ತುಂಬ ಜನ ಬಲಗೈಯನ್ನು ಎದೆಯ ಎತ್ತರಕ್ಕೆ ಹಿಡಿದು, ಆಶೀರ್ವಾದ ಮಾಡಲು ಹೊರಟು ಮರೆತವರ ಹಾಗೆ ನಿಂತಿದ್ದರು. ಗಸಿ ಒಣಗಿ ಬೆರಳುಗಳು ಒಂದಕ್ಕೊಂದು ಅಂಟುತ್ತಿದ್ದವು. ಬಲಗಡೆ ಕಿಸೆಯಲ್ಲಿ ಫೋನ್ ಇದ್ದವರು ಎಡಗೈಯನ್ನು ಬೆನ್ನ ಹಿಂದಿನಿಂದ ತಂದು ಸರ್ಕಸ್ ಮಾಡುತ್ತಿದ್ದರು. ತೋಡಾರಿನ ಮಾವ ನಡುವೆ ನಿಂತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಕೆಂಪು ಕೈ.

ನಾನು ಸೌಟು ಹಿಡಿದುಕೊಂಡೇ ಹೊರಗೆ ಓಡಿದೆ. ದಾಮೋದರ ಜನರೇಟರಿನ ಪಕ್ಕದಲ್ಲಿ ನಿಂತಿದ್ದ.

"ದಾಮು, ಹಾಕು ಮಾರಾಯ."

"ಹಾಕ್ಲಿಕ್ಕೆ ನಂಗೇನು ಲೀಲಕ್ಕ? ಆದ್ರೆ ಅದು ನನ್ನ ವಿಷಯ ಅಲ್ಲ. ಕುರ್ಚಿ ಬೇಕಾ ಹೇಳಿ, ಈಗ ಕೊಡ್ತೇನೆ. ಯಂತ್ರಕ್ಕೆ ಕಂಪೆನಿಯವ್ರು ಹೇಳ್ಬೇಕು. ಹೇಳದೆ ಮುಟ್ಟಿದ್ರೆ ನನ್ನ ಗುತ್ತಿಗೆ ಹೋಗ್ತದೆ."

"ಕಂಪೆನಿಯವ್ರು ಅಂದ್ರೆ ಯಾರು?"

"ಅದನ್ನು ಕಂಪೆನಿಯವ್ರೇ ಹೇಳ್ಬೇಕಲ್ಲ."

ಉಳಿದ ನಿರ್ದೇಶಕರು ಯಾರೂ ಬಂದಿರಲಿಲ್ಲ. ಅಧ್ಯಕ್ಷ ಸೇಸಪ್ಪಣ್ಣ ಮಾತ್ರ ಒಳಗೇ ಇದ್ದರು, ಅವರದ್ದೂ ಕೈ ಒಣಗುತ್ತಿತ್ತು. ಅವರನ್ನು ಎಳೆದು ತಂದೆ.

"ನಾನು ಅಧ್ಯಕ್ಷ ಹೌದು ಲೀಲಕ್ಕ" ಎಂದರು. "ಮೀಟಿಂಗಿನಲ್ಲಿ ನಡುವಿನ ಕುರ್ಚಿಯಲ್ಲಿ ಕೂತ್ಕೊಳ್ಳುದು ನಾನು. ಮೀಟಿಂಗ್ ಇಲ್ಲದ ದಿನ ನಾನು ಬರೀ ಸೇಸಪ್ಪ."

"ಮತ್ತೆ ಮೀಟಿಂಗ್ ಇಲ್ಲದ ದಿನ ಯಾರು?"

"ಅದಕ್ಕೊಬ್ಬರನ್ನು ಮಾಡಿದ್ದೇವೆ. ಆ ದಿವಸ ವೀಳ್ಯ ಯಾರೋ ತೆಗೊಂಡ್ರು. ನಂಗೆ ಆಗ ಫೋನ್ ಬಂತು ನೋಡಿ."

ನನಗೆ ಪಿತ್ತ ನೆತ್ತಿಗೇರಿತು. "ಎಂಥ ಮನುಷ್ಯ ಅದು, ವೀಳ್ಯ ತೆಗೊಂಡು ನಾಪತ್ತೆ ಆಗುದು? ಎಲೆ ಜಗಿಯುವಾಗ ಬಾಯಿ ಇತ್ತು, ಈಗ ಹಾಕು ಹೇಳ್ಲಿಕ್ಕೆ ಬಾಯಿ ಇಲ್ವಾ?"

ಸುತ್ತ ಜನ ಸೇರಿದರು. ತೋಡಾರಿನ ಮಾವನೂ ಬಂದು ನಿಂತರು. ನಾನು ಪಂಚಾಯತಿನ ಪಿಡಿಒ ಮೇಡಂಗೆ ಫೋನ್ ಹಚ್ಚಿಸಿದೆ, ಎಲ್ಲರಿಗೂ ಕೇಳುವ ಹಾಗೆ. ಅವರು ಬಂಟ್ವಾಳದಲ್ಲಿ ಯಾವುದೋ ಸಭೆಯಲ್ಲಿದ್ದರು.

"ಕಂಪೆನಿ ಪಂಚಾಯತಿನದ್ದೇ ಅಮ್ಮ" ಎಂದರು ಮೇಡಂ, ಮೆಲ್ಲಗೆ, ಮಗುವಿಗೆ ಹೇಳುವ ಹಾಗೆ. "ಆದ್ರೆ ಅದರ ದಿನನಿತ್ಯದ ನಿರ್ಧಾರದಲ್ಲಿ ಪಂಚಾಯತ್ ಕೈ ಹಾಕುವ ಹಾಗಿಲ್ಲ."

"ಹಾಕ್ಬೇಡಿ ಮೇಡಂ, ಇಲ್ಲಿ ಎಲ್ಲರದ್ದೂ ಎಂಜಲು ಕೈ. ಹೇಳುವವ ಯಾರು, ಅದೊಂದು ಹೇಳಿ."

"ಅಧಿಕೃತ ವ್ಯಕ್ತಿ ಇದ್ದಾರೆ, ನಿರ್ಣಯ ಆಗಿದೆ. ಆಫೀಸಿನಲ್ಲಿ ಕೇಳಿ ಹೇಳ್ತೇನೆ, ಲೈನಿನಲ್ಲಿರಿ."

ಆ ಹೊತ್ತಿನಲ್ಲಿ ನಾನು ಸುಮ್ಮನೆ ಇದ್ದಿದ್ದರೆ ನನಗೆ ಒಳ್ಳೆಯದಿತ್ತು. ಸುಮ್ಮನೆ ಇರುವುದು ನನ್ನ ಜಾಯಮಾನ ಅಲ್ಲ. ಆ ಅಧಿಕೃತ ವ್ಯಕ್ತಿ ಸಿಕ್ಕಿದರೆ ಈ ಸೌಟು ಅವನ ಮಂಡೆಯ ಮೇಲೆ ಎಂದೆ. ಇಂಥವರಿಂದಲೇ ಊರು ಹಾಳು ಎಂದೆ. ಮನೆಯಲ್ಲಿ ಹೆಂಡತಿ ಗಂಜಿ ಹಾಕದೆ ಓಡಿಸಬೇಕು ಇವನನ್ನು ಎಂದೆ. ಆಗ ತೋಡಾರಿನ ಮಾವ ಆ ದಿನದ ಮೊದಲ ಮಾತಾಡಿದರು.

"ಅಮ್ಮ ಹೇಳುದು ಸರಿ ಉಂಟು. ಅಂಥವರನ್ನು ಅಧಿಕಾರದಲ್ಲಿ ಇಡ್ಲೇಬಾರ್ದು."

ನನಗೆ ಎಷ್ಟು ಹೆಮ್ಮೆ ಆಯಿತೆಂದರೆ, ಇನ್ನೂ ನಾಲ್ಕು ಮಾತು ಬೈದೆ. ಅಷ್ಟರಲ್ಲಿ ಫೋನಿನಿಂದ ಮೇಡಂ ಹೇಳಿದರು, "ಹಾಂ, ಸಿಕ್ಕಿತು. ಶ್ರೀಮತಿ ಲೀಲಾವತಿ."

ಶಾಲೆ ಬಿಟ್ಟ ಮೇಲೆ ನನ್ನನ್ನು ಯಾರೂ ಲೀಲಾವತಿ ಎಂದು ಕರೆದದ್ದಿಲ್ಲ. ನಾನು ಲೀಲಕ್ಕ, ಇಲ್ಲದಿದ್ದರೆ ಅಜ್ಜಿ. ಹಾಗಾಗಿ ಉಳಿದವರ ಹಾಗೆ ನಾನೂ ಕುತ್ತಿಗೆ ಉದ್ದ ಮಾಡಿ ಸುತ್ತ ನೋಡಿದೆ, ಎಲ್ಲಿದ್ದಾಳೆ ಈ ಮೂದೇವಿ ಎಂದು. ಶಶಿಕಲಾ ನನ್ನ ಸೆರಗು ಎಳೆದಳು.

"ಅಮ್ಮ, ಲೀಲಾವತಿ ನೀವು."

ಎಲೆ ತಟ್ಟೆ, ಚಪ್ಪಾಳೆ, ಸುಣ್ಣ, ಎಲ್ಲ ಒಟ್ಟಿಗೆ ನೆನಪಾಯಿತು. ನಾನು ಸೌಟನ್ನು ಮೆಲ್ಲಗೆ ಬೆನ್ನ ಹಿಂದೆ ಇಟ್ಟುಕೊಂಡೆ.

"ದಾಮು, ಹಾಕು."

"ಇದು ಅಪ್ಪಣೆಯಾ ಲೀಲಕ್ಕ? ಮೊದಲು ಹೇಳಿದ ಹಾಗೆ ಅಲ್ಲವಲ್ಲ?"

"ಅಲ್ಲ, ಭಜನೆ. ಹಾಕು ಮಾರಾಯ."

ಜನರೇಟರು ಒಂದು ಸಲ ಕೆಮ್ಮಿ, ಗುಡುಗಿ, ಓಡಿತು. ಪಂಪು ಎಳೆಯಿತು. ನೀರು ಬರುತ್ತದಾ ಎಂದು ನೋಡಿದವರು ಯಾರೂ ನಳ್ಳಿ ಮುಚ್ಚಿರಲಿಲ್ಲ. ಎಲ್ಲ ನಳ್ಳಿಗಳೂ ಒಮ್ಮೆಲೇ ಹೊಡೆದವು. ಎಲ್ಲರಿಗಿಂತ ಮೊದಲು ಹೋಗಿ ನಿಂತಿದ್ದ ತೋಡಾರಿನ ಮಾವನ ಬಿಳಿ ಪಂಚೆ, ಬಿಳಿ ಅಂಗಿ, ಮೀಸೆ, ಎಲ್ಲ ನೆನೆದು ಚಂಡಿ. ನಾನು ಕಣ್ಣು ಮುಚ್ಚಿದೆ. ಕಾಫಿ ಆರಿದ್ದಕ್ಕೆ ಎದ್ದು ಹೋದವರು, ಇದಕ್ಕೆ ನಮ್ಮ ಮನೆಗೆ ಬೆಂಕಿ ಹಾಕಿಯೇ ಹೋಗುತ್ತಾರೆ ಎಂದುಕೊಂಡೆ. ಒಂದು ಶಬ್ದ ಕೇಳಿತು. ಜನರೇಟರು ಕೆಟ್ಟಿತೇನೋ ಎಂದು ಕಣ್ಣು ಬಿಟ್ಟರೆ, ಮಾವ ನಗುತ್ತಿದ್ದರು. ನಗುವುದು ಅಭ್ಯಾಸ ಇಲ್ಲದ್ದರಿಂದ ಹಾಗೆ ಕೇಳಿದ್ದು.

ತಲೆ ಒರೆಸಿಕೊಂಡು ಕೂತಾಗ ದಿನದ ಮಾತು ಬಂತು. ನಮ್ಮವರು "ನೀವು ಹೇಳಿದ ಹಾಗೆ" ಎಂದರು. ಅವರ ಕಡೆಯವರು "ಛೆ, ಹೆಣ್ಣಿನ ಕಡೆಯವರು ಹೇಳ್ಬೇಕು" ಎಂದರು. ಇದು ಎರಡು ಸುತ್ತು ಬಂತು. ಮೂರನೆಯ ಸುತ್ತಿಗೆ ಮಾವ ಕೈ ಎತ್ತಿದರು.

"ಇಲ್ಲಿ ಅಧಿಕಾರ ಯಾರಿಗೆ ಅಂತ ಈಗ ಎಲ್ಲರಿಗೂ ಗೊತ್ತಾಗಿದೆಯಲ್ಲ. ಲೀಲಾವತಿಯಮ್ಮ, ನೀವೇ ಹೇಳಿ."

ನಾನು ಗಂಟಲು ಸರಿಮಾಡಿಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ರಕ್ಷಾ ಹೇಳಿದಳು, "ಅಜ್ಜಿ, ನೀವು ಜನರೇಟರಿಗೆ ಮಾತ್ರ. ನಂಗೆ ಬಿ.ಎಡ್. ಪರೀಕ್ಷೆ ಉಂಟು, ಅದು ಮುಗಿದ ಮರುವಾರ ಇಡುವ." ಹುಡುಗನಿಗೆ ಆಗಲೇ ಗೊತ್ತಿದ್ದ ಹಾಗೆ ಅವನೂ ತಲೆ ಅಲ್ಲಾಡಿಸಿದ. ಮಾವ ಒಮ್ಮೆ ಅವಳನ್ನು, ಒಮ್ಮೆ ಅಳಿಯನನ್ನು ನೋಡಿ, "ಹಾಗೆ ಆಗಲಿ" ಎಂದರು. ಅಷ್ಟೇ. ಒಪ್ಪಂದ ಇಲ್ಲ, ನಿರ್ಣಯ ಇಲ್ಲ, ಮದುವೆಗೆ ದಿನ ಬಿತ್ತು.

ಸಂಜೆ ಮನೆಯಲ್ಲಿ ಎಲ್ಲರೂ ನನ್ನನ್ನು ಅಧಿಕೃತ ವ್ಯಕ್ತಿ ಎಂದು ಕರೆದು ಬಿದ್ದು ಬಿದ್ದು ನಕ್ಕರು. ನಾನು ಸಿಟ್ಟಿನಲ್ಲಿ, ನಾಳೆ ಬೆಳಿಗ್ಗೆಯೇ ಪಂಚಾಯತಿಗೆ ಹೋಗಿ ಇದೆಲ್ಲ ಬಿಟ್ಟು ಬರುತ್ತೇನೆ, ಊರಿನವರ ಕೈ ತೊಳೆಸುವ ಉಪದ್ರ ನನಗೆ ಬೇಡ ಎಂದು ಹೇಳಿದೆ.

ಮರುದಿನ ಬೆಳಿಗ್ಗೆ ಹೇಳಿದ ಹಾಗೆ ಒಳ್ಳೆಯ ಸೀರೆ ಉಟ್ಟು ಹೊರಟೆ. ಮೆಟ್ಟಿಲು ಇಳಿಯುವಾಗ ದಾಮೋದರನ ಫೋನ್ ಬಂತು. ಪುತ್ತಿಗೆಯವರದ್ದು ಒಂದು ಸೀಮಂತ ಉಂಟಂತೆ, ಹಾಡಿನ ದೊಡ್ಡ ಪೆಟ್ಟಿಗೆ ತರುತ್ತಾರಂತೆ, ನಮ್ಮ ಕರೆಂಟಿಗೆ ಸಿಕ್ಕಿಸಬಹುದಾ ಎಂದು ಅವರು ಕಾದು ನಿಂತಿದ್ದಾರಂತೆ. "ಅದೂ ಯಂತ್ರ ಅಲ್ವಾ ಲೀಲಕ್ಕ, ನೀವು ಹೇಳ್ಬೇಕು." ಸಿಕ್ಕಿಸು ಎನ್ನುವುದು ನಾಲಗೆಯ ತುದಿಯಲ್ಲಿತ್ತು. ಅದು ಹೊರಗೆ ಬರಲಿಲ್ಲ. "ಆಲೋಚನೆ ಮಾಡಿ ಹೇಳ್ತೇನೆ. ಸ್ವಲ್ಪ ಹೊತ್ತು ಬಿಟ್ಟು ಮಾಡು" ಎಂದೆ. ಆಲೋಚಿಸಲು ಅದರಲ್ಲಿ ಏನೂ ಇರಲಿಲ್ಲ. ನಾನು ಒಳಗೆ ಬಂದು ಕುರ್ಚಿ ಎಳೆದು ಕೂತೆ, ಯಾರೂ ಗಲಾಟೆ ಮಾಡಬೇಡಿ ಎಂದು ಮನೆಯವರಿಗೆ ಹೇಳಿದೆ. ಪುನಃ ಅವನ ಫೋನ್ ಬಂದಾಗ, ಮೊದಲ ಸಲಕ್ಕೆ ಎತ್ತಲಿಲ್ಲ.