ಒಂಬತ್ತು ಲಕ್ಷ ಟಿಕ್

“ಇನ್ನ ಮುಂದ ಈ ಮನ್ಯಾಗ ಬ್ಯಾಳಿ ಸೀದ್ರ ನನ್ನ ಹೆಸರು ನಂದಕಿಶೋರನೇ ಅಲ್ಲ!”

ಜಹೀರಾಬಾದಿನ ಕಾರ್ಖಾನೆಯೊಂದರಲ್ಲಿ ಸರ್ಕ್ಯೂಟ್ ರಿಪೇರಿ ಮಾಡುವ ನಂದಕಿಶೋರ ಹೀಗೆ ಡಂಗುರ ಸಾರಿ, ಗ್ಯಾಸ್ ಒಲೆಯ ನಾಬಿಗೆ ಪುಟ್ಟ ಮೋಟಾರು ಜೋಡಿಸಿದ. ಅದನ್ನಾಳಲು ಒಂದು ಬೋರ್ಡು. ಬೋರ್ಡಿನೊಳಗಿನ ಟೈಮರು ಸೆಕೆಂಡಿಗೆ ಸಾವಿರ ಸಲ ಟಿಕ್ ಎನ್ನುತ್ತದೆ. ಒಂಬತ್ತು ಲಕ್ಷ ಟಿಕ್ ಆದೊಡನೆ, ಅಂದರೆ ಹದಿನೈದು ನಿಮಿಷಕ್ಕೆ, ಗ್ಯಾಸ್ ಬಂದ್!

ಕೆಲವು ದಿನ ಯಂತ್ರ ಅಡುಗೆಮನೆಯನ್ನು ಅರಸನಂತೆ ಆಳಿತು. ಆಮೇಲೆ ಒಗ್ಗರಣೆ ಸಿಡಿದು ಬೋರ್ಡು ಕೈಲಾಸ ಸೇರಿತು. ಭಾನುವಾರ ನಂದಕಿಶೋರ ಬೇರೆ ಬೋರ್ಡು ಕೂರಿಸಿ, ಹಳೆಯ ಪ್ರೋಗ್ರಾಮನ್ನೇ ತುಂಬಿದ. ಕುಕ್ಕರಿನಲ್ಲಿ ಬೇಳೆ ಇಟ್ಟು, ನಿದ್ದೆಯಲ್ಲಿದ್ದ ತಾಯಿ ಸಾವಿತ್ರೀಬಾಯಿಯನ್ನು ಒಳಗೇ ಬಿಟ್ಟು, ಹೊರಗೆ ಬೀಗ ಹಾಕಿ, ಹೆಂಡತಿ ಮಯೂರಿಯೊಂದಿಗೆ ಬಸ್ ಸ್ಟ್ಯಾಂಡಿಗೆ ಹೋದ. ನಾರಾಯಣಖೇಡದಿಂದ ಮಾವ ಮಹಾದೇವ ಊಟಕ್ಕೆ ಬರುವವರಿದ್ದರು.

ಬಸ್ಸು ಬರಲು ಒಂದು ತಾಸೇ ಹಿಡಿಯಿತು. ಮಾವ ಇಳಿಯುತ್ತಿದ್ದಂತೆ ಮಯೂರಿ ಕೇಳಿದಳು:

“ಗ್ಯಾಸ್ ಬಂದ್ ಆಗಿರ್ತದಲ್ರಿ?”

“ಆಗ್ದೆ ಏನು? ಹೊಸಾ ಬೋರ್ಡ್...” ನಂದಕಿಶೋರ ಹಣೆ ಬಡಿದುಕೊಂಡ. “ಮಯೂರಿ! ಹೊಸಾದು ಸೆಕೆಂಡಿಗಿ ನೂರೇ ಟಿಕ್ ಹಾಕ್ತದ! ನಾ ಲೆಕ್ಕ ಬದಲ್ ಮಾಡಿಲ್ಲ!”

“ತಿಳಿಯೋಹಂಗ ಹೇಳ್ರಿ!”

“ಒಂಬತ್ತು ಲಕ್ಷ ಮುಗಿಯಾಕ ಎರಡೂವರೆ ತಾಸು ಬೇಕು. ಗ್ಯಾಸ್ ಇನ್ನಾ ಉರೀಲಿಕತ್ತದ!”

“ಅಯ್ಯೋ, ಅತ್ತಿ ಒಳಗ ಅದಾರ!”

ನಂದಕಿಶೋರ ಮಾವನ ರಟ್ಟೆ ಹಿಡಿದು ಆಟೋದೊಳಕ್ಕೆ ನೂಕಿದ.

“ಅಳಿಯಂದ್ರ, ಒಂದು ಚಾ ಆದ್ರೂ...”

“ಭಾಯ್, ಜಲ್ದಿ!” ಎಂದು ಅವನು ಆಟೋದವನಿಗೆ ಚೀರಿದ.

ಗಲ್ಲಿಯ ಬಾಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ನಿಂತಿತ್ತು. ನಂದಕಿಶೋರ ಆಟೋದಿಂದ ಜಿಗಿದು ಓಡಿದ, ಹಿಂದೆಯೇ ಮಯೂರಿ. ಕಿವಿಯಲ್ಲಿ ಕುಕ್ಕರ್ ಸಿಡಿದ ಸದ್ದು, ಕಣ್ಣಮುಂದೆ ಹೊಗೆ. ಮನೆ ಮುಟ್ಟಿದಾಗ ಬೀಗದ ಕೈ ಬೀಗಕ್ಕೇ ಹೋಗಲೊಲ್ಲದು! ಕೊನೆಗೆ ಮಯೂರಿಯೇ ಕಸಿದುಕೊಂಡು ಬಾಗಿಲು ತೆರೆದಳು.

ಒಳಗೆ ಹೊಗೆಯಿಲ್ಲ, ವಾಸನೆಯಿಲ್ಲ. ಸಾವಿತ್ರೀಬಾಯಿ ಗೊರಕೆ ಹೊಡೆಯುತ್ತಿದ್ದರು. ನಾಬು ಪೂರಾ ತೆರೆದೇ ಇತ್ತು, ಆದರೆ ಒಲೆಯಲ್ಲಿ ಉರಿಯಿಲ್ಲ. ಕುಕ್ಕರ್ ಮುಟ್ಟಿದರೆ ತಣ್ಣಗೆ. ಮುಚ್ಚಳ ತೆಗೆದರೆ ಬೇಳೆ ಹಸಿಹಸಿ!

ತಾಯಿಯ ಕಾಲ ಬಳಿ ಕುಸಿದು ಕೂತ ನಂದಕಿಶೋರ ಕಣ್ಣೊರೆಸಿಕೊಂಡ. “ನೋಡಿದ್ಯಾ? ಹೆಂಗೋ ಏನೋ, ನನ್ನ ಯಂತ್ರ ಕೈ ಬಿಡಲಿಲ್ಲ.”

ಮಯೂರಿ ಸಿಲಿಂಡರನ್ನು ಒಂದೇ ಕೈಯಲ್ಲಿ ಹೂವಿನಂತೆ ಎತ್ತಿ ಅವನ ಮುಂದಿಟ್ಟಳು.

“ಖಾಲಿ! ಬುಕ್ ಮಾಡ್ರಿ, ಬುಕ್ ಮಾಡ್ರಿ ಅಂತ ಬಡ್ಕೊಂಡೆ, ಮರ್ತೇಬಿಟ್ರಿ. ಇವತ್ತು ಅತ್ತೀನ ಉಳಿಸಿದ್ದು ನಿಮ್ಮ ಬುದ್ಧಿ ಅಲ್ರಿ, ನಿಮ್ಮ ಮರವು!”