ಭಾವನ ಬೇಸ್‌ಬಾಲ್ ವಾರ್ಡು

ನಮ್ಮ ಭಾವನ ಬೇಸ್‌ಬಾಲ್ ತಂಡವನ್ನು ನೀವು ನೋಡಬೇಕಿತ್ತು. ಆಡುವವರಿಗಿಂತ ಮಲಗಿದವರೇ ಹೆಚ್ಚು! ಆ ತಂಡಕ್ಕೆ ಕೋಚ್ ಬೇಡ, ಒಬ್ಬ ನರ್ಸ್ ಸಿಕ್ಕರೆ ಸಾಕಿತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಫ್ಯಾಂಟಸಿ ಬೇಸ್‌ಬಾಲ್ ಎಂದರೆ ಕುರ್ಚಿಯಲ್ಲಿ ಕುಳಿತು ಆಡುವ ಆಟ. ನಿಜವಾದ ಆಟಗಾರರನ್ನು ಸರದಿಯಂತೆ ಆರಿಸಿ ಕಂಪ್ಯೂಟರಿನಲ್ಲಿ ನಮ್ಮದೊಂದು ತಂಡ ಕಟ್ಟಬೇಕು. ಅವರು ಮೈದಾನದಲ್ಲಿ ಚೆನ್ನಾಗಿ ಆಡಿದರೆ ಪಾಯಿಂಟು ನಮಗೆ. ವಾರಕ್ಕೊಬ್ಬ ಎದುರಾಳಿಯ ಜೊತೆ ಪಂದ್ಯ. ಭಾವ ಧಾರವಾಡದವರು. ಅಮೆರಿಕದ ಮಾನ್ಮತ್ ಜಂಕ್ಷನ್ ಎಂಬ ಊರಿನಲ್ಲಿ ಅರ್ಧ ಆಯುಷ್ಯ ಕಳೆದರೂ ಬೇಸ್‌ಬಾಲನ್ನು ‘ತಲಿಕೆಟ್ಟವರ ಲಗೋರಿ’ ಎನ್ನುತ್ತಿದ್ದರು. ಅಂಥವರು ಇದಕ್ಕೆ ಕೈ ಹಾಕಿದ್ದು ಮಗಳಿಗಾಗಿ.

ಕಳೆದ ಚಳಿಗಾಲದಲ್ಲಿ ನನ್ನ ಅಕ್ಕ ಕ್ಯಾನ್ಸರಿನಿಂದ ಹೋದಳು. ಇನ್ನು ಕೀಮೋ ಸಾಕು, ಮನೆಗೆ ಕರೆದುಕೊಂಡು ಹೋಗೋಣ ಎಂದವಳು ಮ್ಯಾನ್‌ಹಟನ್‌ನಲ್ಲಿ ಡಾಕ್ಟರಾಗಿರುವ ಮಗಳು. “ನಿಮ್ಮವ್ವನ್ನ ಕೈಬಿಟ್ಟಿ ನೀ” ಎಂದರು ಭಾವ. ಅಲ್ಲಿಗೆ ಅಪ್ಪ-ಮಗಳ ಮಾತು ನಿಂತಿತು. ವಸಂತದಲ್ಲಿ ಅವಳು ಗೆಳೆಯರೊಂದಿಗೆ ನಡೆಸುವ ಈ ಆಟದ ಲೀಗಿನಲ್ಲಿ ಒಂದು ಜಾಗ ಖಾಲಿಯಾಗಿ ಅಪ್ಪನಿಗೆ ಇಮೇಲಿನಲ್ಲಿ ಆಹ್ವಾನ ಬಂತು. ನಿಯಮ ಕೂಡ ಓದದೆ ಒಪ್ಪಿಕೊಂಡರು. ಇಬ್ಬರನ್ನೂ ಹಿಡಿದಿಟ್ಟಿದ್ದ ಎಳೆ ಅದೊಂದೇ.

ಆಟಗಾರರನ್ನು ಆರಿಸುವುದು ಭಾನುವಾರ ಸಂಜೆ. ನಾನು ನಮ್ಮೂರು ಬ್ರಿಡ್ಜ್‌ವಾಟರಿನಿಂದ ಡ್ರೈವ್ ಮಾಡಿಕೊಂಡು ಹೋದರೆ ಭಾವ ಲ್ಯಾಪ್‌ಟಾಪಿನ ಮುಂದೆ ಕೈ ಕಟ್ಟಿ ಕುಳಿತಿದ್ದಾರೆ.

“ಒತ್ತ್ರಿ ಭಾವಾ, ನಿಮ್ಮ ಪಾಳಿ.”

“ರಾಹುಕಾಲ ಅದವಾ. ಮುಗೀಲಿ.”

ರಾಹು ಕಾಯಬಹುದು, ಕಂಪ್ಯೂಟರ್ ಕಾಯುತ್ತದೆಯೇ? ಅವರ ಪರವಾಗಿ ತಾನೇ ಆರಿಸುತ್ತಾ ಹೋಯಿತು. ಒಬ್ಬರಿಗಿಂತ ಒಬ್ಬರು ಗಟ್ಟಿ ಆಟಗಾರರು! ತಂಡ ಕೆಟ್ಟಿದ್ದು ರಾಹುಕಾಲ ಮುಗಿದ ಮೇಲೆ. ವರ ನೋಡುವವರಂತೆ ಭಾವ ಒಂದೊಂದೇ ಫೋಟೋ ನೋಡಿ, “ಈ ಹುಡುಗನ ಮಾರಿ ಮ್ಯಾಲೆ ಕಳೆ ಅದ” ಎಂದು ಆರಿಸತೊಡಗಿದರು.

ಸ್ವಲ್ಪ ದಿನದಲ್ಲೇ ಅವರ ಮುಖ್ಯ ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಮೊಣಕೈಗೆ ಆಪರೇಷನ್ ಆಯಿತು. ಈ ವರ್ಷ ಆಡುವುದಿಲ್ಲವೆಂದು ಹೆಸರಿನ ಪಕ್ಕ ಕೆಂಪು ಗುರುತು ಬಂತು. ಬೇರೆಯವರಾದರೆ ಅವನನ್ನು ಬಿಟ್ಟು ಇನ್ನೊಬ್ಬನನ್ನು ತೆಗೆದುಕೊಳ್ಳುತ್ತಾರೆ. ಭಾವ ನಮ್ಮೂರಿನ ದೇವಸ್ಥಾನಕ್ಕೆ ಬಂದು ಅವನ ಹೆಸರಲ್ಲಿ ಅರ್ಚನೆ ಮಾಡಿಸಿದರು. ಅರ್ಚಕರು ಗೋತ್ರ ಕೇಳಿದಾಗ, “ನಂದಽ ಹೇಳ್ರಿ, ಆಂವಾ ನಮ್ಮ ಹುಡುಗನಽ” ಎಂದರು. ಟೆಕ್ಸಾಸಿನ ಆ ಹುಡುಗ ಅಂದಿನಿಂದ ಭಾರದ್ವಾಜ ಗೋತ್ರದವನು, ಪಾಪ ಅವನಿಗೇ ಗೊತ್ತಿಲ್ಲ.

ಸಾಲದ್ದಕ್ಕೆ, ಬೇರೆಯವರು ಕೈಬಿಟ್ಟ ಗಾಯಾಳುಗಳನ್ನೂ ಕರೆತಂದು ಸೇರಿಸಿದರು. ಸೊಂಟ ಹಿಡಿದವನು, ಭುಜ ಜಾರಿದವನು, ಹಿಮ್ಮಡಿ ನೋವಿನವನು. ಪ್ರತಿ ವಾರ ಸೋಲು. ಎದುರಾಳಿಗೆ ಪುಕ್ಕಟೆ ಗೆಲುವು ಎಂದು ಲೀಗಿನವರು ಗೊಣಗಿದರು. ಕೊನೆಗೆ ಮಗಳೇ ಫೋನ್ ಮಾಡಬೇಕಾಯಿತು. ಅಕ್ಕ ಹೋದಮೇಲೆ ಅದೇ ಮೊದಲ ಕರೆ. ನಾನು ಅಲ್ಲೇ ಇದ್ದೆ. ಭಾವ ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದರು.

“ಅಪ್ಪಾ, ಆ ಪಿಚರ್‌ನ ಡ್ರಾಪ್ ಮಾಡಿ. ಹಿ ಈಸ್ ಡನ್. ಇಲ್ಲಾಂದ್ರೆ ಎಲ್ಲಾರೂ ನಿಮ್ಮನ್ನೇ ತೆಗೀಬೇಕು ಅಂತಿದಾರೆ.”

“ಆರಾಮಿಲ್ಲದಾಂವನ್ನ ಹೊರಗ ಹಾಕೂದು ನನಗ ಬರೂದಿಲ್ಲ,” ಎಂದರು ಭಾವ. “ಅದು ನಿನಗ ಬರ್ತದ.”

“ಓಕೆ ಅಪ್ಪಾ” ಎಂದಳು, ಫೋನ್ ಇಟ್ಟಳು.

ನನ್ನ ಮೈಯೆಲ್ಲ ಉರಿದುಹೋಯಿತು. ಎಷ್ಟು ದಿನ ಅಂತ ಬಾಯಿ ಮುಚ್ಚಿಕೊಂಡಿರುವುದು?

“ಸಾಕು ಅಂದಾಕಿ ಅಕ್ಕನಽ, ಭಾವಾ. ಇನ್ನ ತಡಕೊಳ್ಳಲಿಕ್ಕೆ ಆಗೂದಿಲ್ಲ ಅಂತ ಮಗಳ ಕೈ ಹಿಡಕೊಂಡು ಅತ್ತಳು. ನಾ ಅಲ್ಲೇ ಇದ್ದೆ. ನಿಮ್ಮ ಮುಂದ ಹೇಳೂ ಧೈರ್ಯ ಆಕಿಗೆ ಆಗಲಿಲ್ಲ. ಆ ಮಾತು ತನ್ನ ಮ್ಯಾಲೆ ಹಾಕ್ಕೊಂಡು ನಿಮ್ಮ ಕಡೆ ಬೈಸಿಕೊಂಡ್ಲು ನಿಮ್ಮ ಮಗಳು.”

ಇಷ್ಟು ಕ್ರೂರವಾಗಿ ಹೇಳಬಾರದಿತ್ತೇನೋ ಎಂದು ನನಗೇ ಸಂಕಟವಾಯಿತು. ಭಾವ ಲ್ಯಾಪ್‌ಟಾಪನ್ನು ಹತ್ತಿರ ಎಳೆದುಕೊಂಡು ಕೇಳಿದರು, “ಬಿಡೂದು ಎಲ್ಲಿ ಒತ್ತಬೇಕವಾ?”

ತೋರಿಸಿದೆ. ಒತ್ತಿದರು. ಪಿಚರ್‌ನ ಹೆಸರು ತಂಡದಿಂದ ಹೋಯಿತು. ಭಾವ ಎದ್ದುಹೋಗಿ ಮುಖ ತೊಳೆದುಕೊಂಡರು.

ಎರಡು ದಿನ ಬಿಟ್ಟು ಬೆಳಿಗ್ಗೆ ಅವರ ಫೋನ್.

“ನಾ ಬಿಟ್ಟ ಪಿಚರ್‌ನ ಮಗಳು ತಗೊಂಡಾಳವಾ. ತನ್ನ ತಂಡದೊಳಗ ಛಲೋ ಆಡೋ ಹುಡುಗನ್ನ ಬಿಟ್ಟು, ನಮ್ಮಾಂವನ್ನ ಇಟ್ಟುಕೊಂಡಾಳ. ಈ ವರ್ಷ ಆಡೂದಿಲ್ಲ ಅಂತ ಆಕಿಗೆ ಗೊತ್ತದಲ್ಲಾ?”

“ಗೊತ್ತದ, ಭಾವಾ.”

ಅವರು ಮೂಗು ಸೇದುವುದು ಕೇಳಿಸಿತು. ಹಿಂದೆ ರೈಲಿನ ಅನೌನ್ಸ್‌ಮೆಂಟು.

“ಎಲ್ಲಿದ್ದೀರಿ?”

“ಸ್ಟೇಷನ್ನಾಗ. ಆಕಿ ಮುಂಜಾನೆ ಏನೂ ತಿನ್ನದ ಡ್ಯೂಟಿಗೆ ಹೋಗ್ತಾಳಂತ ನಿಮ್ಮಕ್ಕ ಯಾವಾಗಲೂ ಅಂತಿದ್ಲು. ಉಪ್ಪಿಟ್ಟು ಮಾಡಿ ಡಬ್ಬಿ ತಗೊಂಡು ಆಕಿ ಮನಿಗೆ ಹೊಂಟೀನಿ. ಬಾಗಿಲಾ ತಗೀತಾಳಲ್ಲಾ, ಯವ್ವಾ?”