ಟ್ರ್ಯಾಪ್ ಹಾಡಿಗೆ ಮೂರು ಉದ್ಧರಣೆ

ಕೆಲವರಿಗೆ ದಾರಿಯಲ್ಲಿ ಹೋಗುವಾಗ ನಾಯಿ ಬೆನ್ನು ಹತ್ತುತ್ತದೆ. ಕೆಲವರು ಊಟಕ್ಕೆ ಕೂತಾಗಲೇ ಬಡಿಸುವವರ ಹತ್ತಿರ ಪಾಯಸ ಮುಗಿದಿರುತ್ತದೆ. ನಾನು ಕಣ್ಣು ಅರೆ ಮುಚ್ಚಿ ಸುಮ್ಮನೆ ಕೂತಿದ್ದರೂ ಪ್ರಸಂಗಗಳು ವಿಳಾಸ ಹುಡುಕಿಕೊಂಡು ಮನೆಗೇ ಬರುತ್ತವೆ.

ಮೈಸೂರಿನ ಚಾಮರಾಜಪುರಂನಲ್ಲಿ ನಮ್ಮ ಮನೆ. ಹಳ್ಳಿ ಶಾಲೆಯ ಜಗಲಿಯ ಮೇಲೆ ಅಕ್ಷರ ಕಲಿತವನು ನಾನು. ಇಲ್ಲಿನ ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವ ಕೆಲಸ. ಬೆಳಿಗ್ಗೆ ಸ್ನಾನ, ಸಂಧ್ಯಾವಂದನೆ, ಪೂಜೆ, ಮಧ್ಯಾಹ್ನದವರೆಗೆ ಕಚೇರಿ, ಊಟವಾದ ಮೇಲೆ ಪಡಸಾಲೆಯ ತೂಗುಮಣೆ. ಶನಿವಾರ ಸಂಜೆ ಮಾತ್ರ ಬೀದಿಯ ಭಜನೆ ಮನೆಯಲ್ಲಿ ಎಲ್ಲರಿಗಿಂತ ಮೊದಲು ಸಾಲು ಎತ್ತಿಕೊಡುವವನು ನಾನು. ನಮ್ಮ ತಂದೆ ಹಿಡಿಯುತ್ತಿದ್ದ ಹಿತ್ತಾಳೆ ತಾಳವೇ ಈಗ ನನ್ನ ಕೈಯಲ್ಲಿದೆ. ಬದುಕಿನಲ್ಲಿ ಇದು ಹೋಗಬಾರದು ಎಂದು ನಾನು ದೇವರ ಹತ್ತಿರ ಕೇಳಿಕೊಂಡಿರುವುದು ಅದೊಂದನ್ನೇ.

ಹೋಗುವ ಭಯ ಇದ್ದೇ ಇತ್ತು. ಭಜನೆ ಮನೆಗೆ ಹಿರಿಯರೆಂದರೆ ನಿವೃತ್ತ ಹೆಡ್‌ಮಾಸ್ಟರೊಬ್ಬರು. ಎಲ್ಲರ ಬಾಯಲ್ಲೂ ಮೇಷ್ಟ್ರು. ಹಿಂದೊಮ್ಮೆ ತಾಳ ಹಿಡಿದಿದ್ದ ಒಬ್ಬರು ನಾಮಾವಳಿಯನ್ನು ಸಿನಿಮಾ ಹಾಡಿನ ಧಾಟಿಗೆ ಎಳೆದುಬಿಟ್ಟರು. ಮೇಷ್ಟ್ರು ಎದ್ದು ಬಂದರು. ಅವರ ಕೈಯಿಂದ ತಾಳ ತೆಗೆದುಕೊಂಡು, ಉತ್ತರೀಯದಲ್ಲಿ ಒರೆಸಿ, ಬೀರುವಿನಲ್ಲಿಟ್ಟು ಬೀಗ ಹಾಕಿದರು. ಆ ಮಹನೀಯರು ಇವತ್ತಿಗೂ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ ಕೂತು ಬರೀ ಚಪ್ಪಾಳೆ ತಟ್ಟುತ್ತಾರೆ.

ಅಂಥಲ್ಲಿ ತಾಳ ಹಿಡಿಯುವ ನಾನು ಪತ್ರಿಕೆಯಲ್ಲಿ ಹೊಸ ಹಿಪ್‌ಹಾಪ್ ಹಾಡುಗಳ ವಿಮರ್ಶೆ ಬರೆಯುತ್ತೇನೆ ಎಂದರೆ?

ನೆಗಡಿ

ಆ ಅಂಕಣ ಬರೆಯುತ್ತಿದ್ದ ತರುಣ ತನ್ನ ಮದುವೆಗೆಂದು ಎರಡು ವಾರ ರಜೆ ಹಾಕಿದ. ಸಂಪಾದಕರು ಬಾಗಿಲಲ್ಲಿ ನಿಂತು ಕಚೇರಿಯನ್ನೆಲ್ಲ ಒಮ್ಮೆ ನೋಡಿದರು. ಉಳಿದವರೆಲ್ಲ ಕಂಪ್ಯೂಟರ್ ಹಿಂದೆ ತಲೆ ತಗ್ಗಿಸಿದರು. ನಾನು ಎಲ್ಲದರಲ್ಲೂ ನಿಧಾನ. ತಲೆ ತಗ್ಗಿಸುವುದೂ ತಡವಾಯಿತು.

"ನೀವು ಭಜನೆ ಮಾಡ್ತೀರಲ್ಲ, ಸಂಗೀತ ಗೊತ್ತು. ಎರಡು ವಾರ ನೀವೇ ಬರೆದುಬಿಡಿ" ಅಂದರು.

"ಯಾವ ಸಂಗೀತ ಸಾರ್?"

"ಹಿಪ್‌ಹಾಪ್. ಅದರಲ್ಲೇ ಟ್ರ್ಯಾಪ್ ಅಂತ ಒಂದಿದೆ."

"ಅದು ಯಾವ ರಾಗದಲ್ಲಿರುತ್ತೆ?"

"ಅದನ್ನ ಕೇಳಿ ನೀವೇ ನಮಗೆ ಹೇಳಿ" ಅಂದು ಹೊರಟುಹೋದರು.

ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಹೆಡ್‌ಫೋನ್ ಕಿವಿಗೆ ಸಿಕ್ಕಿಸಿ ತೂಗುಮಣೆಯ ಮೇಲೆ ಕೂತೆ. ಕಿಟಕಿಯ ಬಣ್ಣದ ಗಾಜಿನಿಂದ ಬಿಸಿಲು ಹಸಿರಾಗಿ ನೆಲದ ಮೇಲೆ ಬಿದ್ದಿತ್ತು. ಮೊದಲು ಏನೋ ಮಂಜಿನಂಥ ಶಬ್ದ. ಆಮೇಲೆ ತಳದಲ್ಲೆಲ್ಲೋ ಧುಂ ಎಂದು ಒಂದು ಪೆಟ್ಟು, ಬಹಳ ದೂರದ ಊರಿನಲ್ಲಿ ನಗಾರಿ ಬಡಿದ ಹಾಗೆ. ಮೇಲೆ ಸಣ್ಣ ತಾಳ ಚಿಟಚಿಟ ಎಂದು ಹನಿಯುತ್ತಿತ್ತು. ನಡುವೆ ಒಬ್ಬರು ನೀರಿನೊಳಗಿಂದ ಮಾತಾಡಿದಂತೆ ಹಾಡುತ್ತಿದ್ದರು. ಮಣೆ ತೂಗುತ್ತಿತ್ತು. ನೋಡುನೋಡುತ್ತಲೇ ನಾನು ನಮ್ಮೂರ ಕೆರೆಯ ಏರಿಯ ಮೇಲಿದ್ದೆ. ಎಮ್ಮೆಗಳು ಒಂದೊಂದಾಗಿ ನೀರಿಗಿಳಿದು, ಮೂಗಷ್ಟೇ ಮೇಲಿಟ್ಟುಕೊಂಡು, ನನ್ನ ಕಡೆ ನೋಡಿ ಆ ಹಾಡನ್ನೇ ಹಾಡುತ್ತಿದ್ದವು.

ಎಚ್ಚರವಾದ ಮೇಲೆ ಅನಿಸಿದ್ದನ್ನು ಅನಿಸಿದಂತೆ ಬರೆದೆ: "ಹಾಡು ಹಿತವಾಗಿದೆ. ಕೇಳುತ್ತ ಕೆರೆಗೆ ಹೋಗಿ ಬಂದಂತಾಯಿತು. ಗಾಯಕರಿಗೆ ನೆಗಡಿಯಾಗಿರುವುದು ಮಾತ್ರ ಸ್ಪಷ್ಟ. ಎರಡು ದಿನ ಮೆಣಸಿನ ಸಾರು ಕುಡಿದು ಇನ್ನೊಮ್ಮೆ ಹಾಡಿದರೆ ಚೆನ್ನ."

ಆ ದನಿಯನ್ನು ಬೇಕೆಂದೇ ಯಂತ್ರಕ್ಕೆ ಕೊಟ್ಟು ಹಾಗೆ ಮಾಡಿಸುತ್ತಾರಂತೆ. ನನಗೆ ಯಾರೂ ಹೇಳಿರಲಿಲ್ಲ. ಅಚ್ಚಾಗಿ ಬಂದ ಮೇಲೆ ಕಚೇರಿಯಲ್ಲಿ ನಕ್ಕಿದ್ದೇ ನಕ್ಕಿದ್ದು. ನಾಲ್ಕು ದಿನಕ್ಕೆ ಆ ಗಾಯಕನಿಂದಲೇ ಕಾಗದ ಬಂತು. ಸಂಪಾದಕರು ಗಟ್ಟಿಯಾಗಿ ಓದಿದರು: "ನನ್ನ ಹಾಡನ್ನು ಬೈದವರಿದ್ದಾರೆ, ಹೊಗಳಿದವರಿದ್ದಾರೆ. ಆರೋಗ್ಯ ವಿಚಾರಿಸಿದವರು ಇವರೊಬ್ಬರೇ. ಅಮ್ಮ ನಿಮ್ಮ ಅಂಕಣ ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದ್ದಾರೆ. ಅವತ್ತಿನಿಂದ ನಮ್ಮನೇಲಿ ದಿನಾ ಮೆಣಸಿನ ಸಾರು."

ಮದುವೆ ಮುಗಿಸಿಕೊಂಡು ಬಂದ ತರುಣನಿಗೆ ಸಂಪಾದಕರು ಸಿನಿಮಾ ಪುಟ ಕೊಟ್ಟರು. ಅಂಕಣ ನನ್ನ ಕೊರಳಿಗೇ ಬಿತ್ತು. ಮೇಷ್ಟ್ರ ಮುಖ ನೆನೆದು, 'ಪಡಸಾಲೆ' ಅಂತ ಹೆಸರಿಟ್ಟುಕೊಂಡು ಬರೆಯತೊಡಗಿದೆ.

ಕದಲಿದ ಪಂಚಪಾತ್ರೆ

ಹೆಡ್‌ಫೋನಿನಲ್ಲಿ ತಳದ ಪೆಟ್ಟು ಸರಿಯಾಗಿ ಕೇಳುವುದಿಲ್ಲ ಎಂದು ಕಚೇರಿಯಿಂದ ಒಂದು ಸ್ಪೀಕರ್ ಕಳಿಸಿದರು. ಪಡಸಾಲೆಯ ಗೋಡೆಗೂಡಿನಲ್ಲಿಟ್ಟೆ. ಗೋಡೆಯ ಆ ಬದಿ ದೇವರ ಮನೆ ಎಂಬುದು ಹೊಳೆಯಲಿಲ್ಲ.

ಹಾಡು ಹಾಕಿ ಕಣ್ಣು ಮುಚ್ಚಿದೆ. ಧುಂ ಎನ್ನುವುದು ಎದೆಯೊಳಗೇ ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಅದರ ಹಿಂದೆ ಇನ್ನೊಂದು ನಾದ: ಟಿಣಿ... ಟಿಣಿ. 'ಆಹಾ, ಗಂಟೆಯನ್ನೂ ಬಳಸಿದ್ದಾರೆ' ಎಂದು ಕಾಗದದ ಮೇಲೆ ಗುರುತು ಹಾಕಿಕೊಂಡೆ. ಅಷ್ಟರಲ್ಲಿ ನನ್ನಾಕೆ ಸೆರಗು ಸರಿಮಾಡಿಕೊಂಡು ಓಡಿಬಂದಳು.

"ರೀ, ದೇವರ ಮನೇಲಿ ಯಾರೂ ಇಲ್ಲ. ಪಂಚಪಾತ್ರೆಯೊಳಗೆ ಉದ್ಧರಣೆ ತಾನಾಗೇ ಕುಣೀತಾ ಇದೆ!"

ಹೋಗಿ ನೋಡಿದರೆ ನಿಜ. ತೀರ್ಥದ ನೀರಿನಲ್ಲಿ ಸಣ್ಣ ಸಣ್ಣ ಉಂಗುರಗಳು. ತೀರ್ಥ ಹಾಕುವ ಆ ಚಮಚದ ಪುಟ್ಟ ಹಿಡಿ ಪಾತ್ರೆಯ ಅಂಚಿಗೆ ತಗುಲಿ ಟಿಣಿ ಟಿಣಿ ಎನ್ನುತ್ತಿದೆ. ಹಿತ್ತಾಳೆಯ ಮೇಲೆ ದೀಪದ ಬೆಳಕು ನಡುಗುತ್ತಿತ್ತು. ನಿಜ ಹೇಳಬೇಕೆಂದರೆ, ಒಂದು ಗಳಿಗೆ ನಾನೂ ಕೈ ಮುಗಿದೆ. ಸ್ಪೀಕರಿನ ನೆನಪಾಗಿದ್ದು ಆಮೇಲೆ.

ಅಷ್ಟರಲ್ಲಿ ಪಕ್ಕದ ಮನೆಯಾಕೆಗೆ ಸುದ್ದಿ ಮುಟ್ಟಿಯಾಗಿತ್ತು. ಮಾರನೆಯ ದಿನ ಅದೇ ಹೊತ್ತಿಗೆ ಹೂವು ಹಿಡಿದುಕೊಂಡು ಬಂದು ದೇವರ ಮನೆಯೆದುರು ಕೂತರು. ನಾನು ಗಾಬರಿಯಿಂದ ಸ್ಪೀಕರ್ ಆರಿಸಿದೆ. ಅರ್ಧ ಗಂಟೆ ಕಾದು ಎದ್ದರು.

"ಇವತ್ತು ಶಬ್ದಾನೇ ಇಲ್ವಲ್ಲ ಕಣ್ರೀ!"

ನನ್ನಾಕೆಗೆ ಅಷ್ಟರಲ್ಲಿ ಗುಟ್ಟು ತಿಳಿದಿತ್ತು. ಮುಖ ಸ್ವಲ್ಪವೂ ಕದಲಿಸದೆ ಹೇಳಿದಳು: "ದೇವರಿಗೂ ಊಟ ಆದಮೇಲೆ ಒಂದು ಜೊಂಪು ಬರುತ್ತೆ ಕಣ್ರೀ. ನಮ್ಮನೆಯವರ ಸಹವಾಸ."

ಆಕೆ ಹೋದ ಮೇಲೆ ನನ್ನಾಕೆ ನನ್ನ ಕಡೆ ತಿರುಗಿದಳು. "ರಾಗ ಗೊತ್ತಾಗಲ್ಲ ಅಂತ ಒದ್ದಾಡ್ತೀರಲ್ಲ, ಇದನ್ನೇ ಬರೀರಿ. ಉದ್ಧರಣೆ ಎಷ್ಟು ಕುಣೀತು ಅಂತ."

ಹಾಗೆ ಶುರುವಾಯಿತು ನನ್ನ ಅಳತೆ. ದೇವರ ಪಾತ್ರೆಯನ್ನು ಪರೀಕ್ಷೆಗೆ ಒಡ್ಡಬಾರದೆಂದು ಅಂಗಡಿಯಿಂದ ಬೇರೆ ಪಂಚಪಾತ್ರೆ, ಉದ್ಧರಣೆ ತಂದು ಸ್ಪೀಕರಿನ ಪಕ್ಕದಲ್ಲಿಟ್ಟೆ. ನೀರಷ್ಟೇ ಅಲುಗಿದರೆ ಒಂದು ಉದ್ಧರಣೆ. ಟಿಣಿ ಎಂದರೆ ಎರಡು. ಟಿಣಿ ಎನ್ನುವುದು ಕೇಳುತ್ತ ಕೇಳುತ್ತ ನಾನು ಕೆರೆಯವರೆಗೆ ಹೋಗಿ ಬಂದರೆ ಮೂರು. ತೀರ್ಥ ಕೊಡುವುದು ಮೂರೇ ಸಲ. ಆದ್ದರಿಂದ ಮೂರರ ಮೇಲೆ ಇಲ್ಲ. ಮೈಸೂರಿನ ರ‍್ಯಾಪ್ ಹಾಡುಗಾರರು ಕೆಲವರು ತಮ್ಮ ಹಾಡಿನ ಪೋಸ್ಟರಿನಲ್ಲಿ ಮೂರು ಉದ್ಧರಣೆಗಳ ಚಿತ್ರ ಹಾಕಿಸಿಕೊಂಡರಂತೆ. ಅದನ್ನು ನೋಡಿದ ಪಕ್ಕದ ಮನೆಯಾಕೆ ಹೇಳಿದ್ದು: "ಕಾಲ ಸುಧಾರಿಸ್ತಾ ಇದೆ ಬುಡಿ. ಹುಡುಗರೆಲ್ಲ ಸಂಧ್ಯಾವಂದನೆ ಶುರು ಮಾಡಿದಾರೆ."

ಶತ್ರುಗಳು

ಒಂದೂವರೆ ಉದ್ಧರಣೆ ಪಡೆದ ಒಬ್ಬ ಗಾಯಕ ಒಂಟಿಕೊಪ್ಪಲಿನಿಂದ ನೇರ ಕಚೇರಿಗೆ ಬಂದ. ಆರಡಿ ಎತ್ತರ, ಕೊರಳಲ್ಲಿ ಹಗ್ಗದಷ್ಟು ದಪ್ಪ ಸರ, ತೋಳಿನ ತುಂಬ ಹಚ್ಚೆ. "ಪಡಸಾಲೆ ಅನ್ನೋರು ಯಾರು?" ಎಂದ. ಎಲ್ಲರೂ ನನ್ನ ಕಡೆ ಕೈ ತೋರಿಸಿದರು. ಪಂಚೆ, ಹಣೆಯ ಕುಂಕುಮ, ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ನು ಇವನ್ನೆಲ್ಲ ನೋಡಿ, ಬೈಯಲು ತೆರೆದ ಬಾಯನ್ನು ಹಾಗೇ ಮುಚ್ಚಿದ. ಬಗ್ಗಿ ಕಾಲು ಮುಟ್ಟಿದ.

"ನಮಸ್ಕಾರ ಸಾರ್. ಅರ್ಧ ಉದ್ಧರಣೆ ಯಾಕೆ ಕಟ್ ಮಾಡುದ್ರಿ ಸಾರ್?"

"ಕೂತ್ಕೋಪ್ಪ. ನಿನ್ನ ಹಾಡಿನ ನಡುವೆ ಒಂದು ಕಡೆ ಉಸಿರು ತಪ್ಪುತ್ತೆ. ನಮ್ಮ ಶಾಲೇಲಿ ಹದಿನಾರರ ಮಗ್ಗಿ ಒಂದೇ ಉಸಿರಿಗೆ ಹೇಳಬೇಕಿತ್ತು. ತಪ್ಪಿದರೆ ಬೆಂಚಿನ ಮೇಲೆ ನಿಲ್ಲಿಸೋರು. ಎಲ್ಲಿ, ಹೇಳು ನೋಡೋಣ."

ಅವನು ಸರ ಸರಿಮಾಡಿಕೊಂಡು, ಮೊಣಕಾಲ ಮೇಲೆ ತಾಳ ಹಾಕುತ್ತ ಶುರು ಮಾಡಿದ. ಹದಿನಾರೊಂದ್ಲ ಹದಿನಾರು, ಹದಿನಾರೆರಡ್ಲ ಮೂವತ್ತೆರಡು... ಅಬ್ಬಾ, ಎಂಥ ನಡೆ! ಇಡೀ ಕಚೇರಿ ತಲೆದೂಗಿತು. ನನಗಂತೂ ಜಗಲಿಯ ಮಣ್ಣಿನ ವಾಸನೆ ಬಂತು. ಹದಿನಾರೇಳ್ಲ ಎಂಬಲ್ಲಿ ಮಾತ್ರ ಮುಗ್ಗರಿಸಿದ. ನಾನೂ ಆ ಕಾಲದಲ್ಲಿ ಮುಗ್ಗರಿಸುತ್ತಿದ್ದದ್ದು ಅಲ್ಲೇ. ಮನಸ್ಸು ಕರಗಿಬಿಟ್ಟಿತು.

"ಇರಲಿ, ಚೆನ್ನಾಗಿದೆ. ಇನ್ನೊಂದು ವಿಷಯ. ಹಾಡಿನ ಉದ್ದಕ್ಕೂ ನಿನ್ನ ಶತ್ರುಗಳನ್ನ ಬೈದಿದ್ದೀಯ. ಕೇಳಿ ನನಗೆ ಸಂಕಟ ಆಯ್ತು. ಈ ವಯಸ್ಸಿಗೆ ನಿನ್ನನ್ನ ಇಷ್ಟು ಕಾಡಿದೋರು ಯಾರಪ್ಪ?"

ಅವನು ಆಚೆ ಈಚೆ ನೋಡಿ, ನಾಚಿಕೊಂಡು ಹೇಳಿದ: "ಇನ್ನೂ ಯಾರೂ ಸಿಕ್ಕಿಲ್ಲ ಸಾರ್. ಹಾಡು ಫೇಮಸ್ ಆದ್ಮೇಲೆ ಬರ್ತಾರೆ."

ಹೋಗುವಾಗ ಬಾಗಿಲಲ್ಲಿ ನಿಂತ. "ಸಾರ್, ತುಂಬಾ ತುಂಬಾ ಚೆನ್ನಾಗಿ ಮಾಡುದ್ರೆ ನಾಲ್ಕು ಕೊಡ್ತೀರಾ?"

"ಮೂರರ ಮೇಲೆ ಇಲ್ಲಪ್ಪ. ತೀರ್ಥದ ಲೆಕ್ಕ ಅದು."

ಮೇಷ್ಟ್ರು ಬಂದರು

ಒಂದು ಗುರುವಾರ ನಾನು ತೂಗುಮಣೆಯ ಮೇಲೆ ಕೂತು ಒಂದು ಹಾಡಿನೊಳಗೆ ಅರ್ಧ ಮುಳುಗಿದ್ದೆ. ಕಣ್ಣು ತೆರೆದರೆ ಎದುರಿಗೆ ಮೇಷ್ಟ್ರು! ಕೈಯಲ್ಲಿ ನಮ್ಮ ಪತ್ರಿಕೆ. ಮೊದಲು ಕನಸೆಂದುಕೊಂಡು ಮತ್ತೆ ಕಣ್ಣು ಮುಚ್ಚಿದೆ. ಮೇಷ್ಟ್ರು ಕೆಮ್ಮಿದರು. ನನ್ನಾಕೆ ಅಡಿಗೆ ಮನೆಯಿಂದ ಧಾವಿಸಿ ಬಂದು ಸ್ಪೀಕರಿಗೂ ಪಕ್ಕದ ಪಂಚಪಾತ್ರೆಗೂ ಸೇರಿಸಿ ಒಗೆದ ಪಂಚೆ ಹೊದಿಸಿ ಹೋದಳು. ಪಂಚೆಯೊಳಗಿಂದ ಧುಂ, ಧುಂ ಕೇಳುತ್ತಲೇ ಇತ್ತು.

"ಏನ್ರೀ ಅದು ಶಬ್ದ?"

"ಹಳೇ ಮನೆ ಮೇಷ್ಟ್ರೆ" ಅಂದೆ. ಮನೆ ಹಳೆಯದೆನ್ನುವುದು ಸುಳ್ಳಲ್ಲವಲ್ಲ.

ಅವರು ಪತ್ರಿಕೆ ಬಿಡಿಸಿದರು. "ಈ ಪಡಸಾಲೆ ಅನ್ನೋ ಆಸಾಮಿ ಯಾರ್ರೀ? ನಿಮ್ಮ ಕಚೇರಿಯೋರೇ ಇರಬೇಕು. ಕಂಡಿದ್ದೀರಾ?"

"ದಿನಾ ಕಾಣ್ತೀನಿ" ಅಂದೆ. ಕನ್ನಡಿಯಲ್ಲಿ ಎಂದು ಹೇಳಲು ಧೈರ್ಯ ಬರಲಿಲ್ಲ.

"ಕಾಗುಣಿತ ತಪ್ಪಿಲ್ಲ. ಭಾಷೆ ಪರವಾಗಿಲ್ಲ. ಆದರೆ ದೇವರ ಉದ್ಧರಣೇನ ಇಂಥ ಹಾಡಿಗೆ ಹಚ್ಚೋದು ಅಂದ್ರೆ..." ಕನ್ನಡಕ ತೆಗೆದು ಒರೆಸಿದರು. ತಾಳ ಒರೆಸಿದ ಹಾಗೇ ಒರೆಸಿದರು. "ಶನಿವಾರ ಭಜನೆಗೆ ಬರೋವಾಗ ಅವರು ಯಾರು ಅಂತ ತಿಳ್ಕೊಂಡು ಬಂದು ನನಗೆ ಹೇಳಬೇಕು."

ಅವರು ಗೇಟು ದಾಟಿದ ಮೇಲೆ ನನ್ನಾಕೆ ಪಂಚೆ ತೆಗೆದಳು. ಉದ್ಧರಣೆ ಇನ್ನೂ ಕುಣಿಯುತ್ತಿತ್ತು. "ಇದಕ್ಕೇನು ಭಯ! ಇನ್ಮೇಲೆ ಚಪ್ಪಲಿ ಪಕ್ಕ ಕೂರೋರು ನೀವಲ್ವೇ" ಅಂದಳು.

ಶನಿವಾರ

ದೇವರ ಸನ್ನಿಧಿಯಲ್ಲಿ ಮೇಷ್ಟ್ರಿಗೆ ಸುಳ್ಳು ಹೇಳುವುದು ನನ್ನಿಂದಾಗದು. ಎಲ್ಲ ಒಪ್ಪಿಕೊಂಡು, ಅವರು ಕೇಳುವ ಮೊದಲೇ ತಾಳವನ್ನು ನಾನೇ ಒಪ್ಪಿಸಿಬಿಡುವುದು ಎಂದು ನಿಶ್ಚಯ ಮಾಡಿದೆ. ಬೆಳಿಗ್ಗೆಯೇ ಹುಣಸೆಹಣ್ಣು ಹಚ್ಚಿ ತಾಳ ತಿಕ್ಕಿದೆ. ತಂದೆಯ ಬೆರಳು ಸವೆಸಿದ ಜಾಗ ಚಿನ್ನದ ಹಾಗೆ ಹೊಳೆಯಿತು. ಕೆಂಪು ವಸ್ತ್ರದಲ್ಲಿ ಕಟ್ಟಿಟ್ಟೆ.

ಆದರೆ ವಿಮರ್ಶೆ ಅಂದೇ ಕೊಡಬೇಕಿತ್ತು. ಒಂಟಿಕೊಪ್ಪಲಿನ ಆ ಗಾಯಕನದೇ ಹನ್ನೊಂದು ಹಾಡುಗಳ ಹೊಸ ಆಲ್ಬಂ. ಮನಸ್ಸು ಭಾರವಾಗಿತ್ತು, ತೂಗುಮಣೆ ಹಗುರಾಗಿತ್ತು. ಎರಡು ಸಲ ಪೂರ್ತಿ ಕೇಳಿದೆ. ಎಮ್ಮೆಗಳು, ಕೆರೆ, ಜಗಲಿ, ಮಗ್ಗಿ ಎಲ್ಲ ಬಂದು ಹೋದವು. ಕನಸಿನ ಕೊನೆಯಲ್ಲಿ ನಮ್ಮ ತಂದೆಯೂ ಏರಿಯ ಮೇಲೆ ಕೂತು ತಲೆದೂಗುತ್ತಿದ್ದರು. ನನ್ನಾಕೆ ಅಲುಗಿಸಿ ಎಬ್ಬಿಸಿದಾಗ ಭಜನೆಯ ಹೊತ್ತು. ಮುಖಕ್ಕೆ ನೀರು ಹಾಕಿಕೊಂಡು ಹೊರಟೆ. ಕಾಲು ನೆಲದ ಮೇಲಿತ್ತು. ತಲೆ ಇನ್ನೂ ಕೆರೆಯಲ್ಲಿತ್ತು.

ಮೊದಲೆರಡು ನಾಮಾವಳಿ ಕ್ರಮವಾಗಿಯೇ ಹೋದವು. ಮೂರನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು. 'ಇದೇ ಕೊನೆ' ಎಂದುಕೊಂಡು ಸಾಲು ಎತ್ತಿದೆ. ಎಲ್ಲರೂ ಹಿಂದೆ ಹಾಡಿದರು. ಎಷ್ಟು ಹೊತ್ತಿಗೋ ಗೊತ್ತಿಲ್ಲ, ನನ್ನ ಕೈಯ ತಾಳ ಚಿಟಚಿಟ ಚಿಟಚಿಟ ಎಂದು ಹನಿಯತೊಡಗಿತ್ತು. ಮೃದಂಗದವರು ಒಂದು ಗಳಿಗೆ ತಡವರಿಸಿ, ಎಡಗೈಯಲ್ಲಿ ಧುಂ ಎಂದು ಕೊಟ್ಟರು. ನಾನು ಸಾಲಿನ ಕೊನೆಗೆ, ಆ ಆಲ್ಬಮ್ಮಿನಲ್ಲಿದ್ದ ಹಾಗೇ, "ಹೇಯ್! ಹೇಯ್!" ಅಂದುಬಿಟ್ಟೆ.

ಹಿಂದಿನ ಸಾಲಿನ ಅಜ್ಜಿಯರು ಇದು ಹೊಸ ಸಂಪ್ರದಾಯವೆಂದು ತಿಳಿದು, ಒಕ್ಕೊರಲಿನಿಂದ "ಹೇಯ್! ಹೇಯ್!" ಅಂದರು.

ಆಗ ನನಗೆ ಎಚ್ಚರವಾಯಿತು. ಆದರೆ ನಿಲ್ಲಿಸುವುದು ಹೇಗೆ? ಅಜ್ಜಿಯರು ನಿಲ್ಲಿಸಬೇಕಲ್ಲ! ಚಪ್ಪಲಿಗಳ ಪಕ್ಕದವರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ರಾಮನಾಮ ಆ ಹಳೆಯ ಹೆಂಚಿನ ಮಾಡಿಗೆ ತಾಗಿ ತಿರುಗಿ ಬರುತ್ತಿತ್ತು. ಮೇಷ್ಟ್ರ ಕಡೆ ನೋಡಿದೆ. ಕಣ್ಣು ಮುಚ್ಚಿ ಕೂತಿದ್ದರು. ಮುಖದಲ್ಲಿ ಏನೂ ಕಾಣಲಿಲ್ಲ.

ಮಂಗಳಾರತಿ ಆಯಿತು. ತಾಳವನ್ನು ಮತ್ತೆ ಕೆಂಪು ವಸ್ತ್ರದಲ್ಲಿ ಕಟ್ಟಿದೆ. ತೀರ್ಥ ಕೊಡುವುದು ಯಾವಾಗಲೂ ಮೇಷ್ಟ್ರೇ. ನನ್ನ ಸರದಿ ಬಂದಾಗ ಎಡಗೈಯಲ್ಲಿದ್ದ ಕೆಂಪು ವಸ್ತ್ರದ ಗಂಟನ್ನು ಮುಂದೆ ಹಿಡಿದೆ.

"ಮೇಷ್ಟ್ರೆ, ತಾಳ ತೊಗೊಳ್ಳಿ. ಆ ಪಡಸಾಲೆ ಅನ್ನೋನು..."

"ಒಂದು ಕೈಲಿ ಪಾತ್ರೆ, ಒಂದು ಕೈಲಿ ಉದ್ಧರಣೆ ಇರೋದು ಕಾಣಲ್ವೇನ್ರೀ?" ಅಂದರು. "ಅದು ನಿಮ್ಮ ಹತ್ರಾನೇ ಇರಲಿ. ಬಲಗೈ ಹಿಡೀರಿ."

ಹಿಡಿದೆ. ಒಂದು ಉದ್ಧರಣೆ ತೀರ್ಥ ಹಾಕಿದರು. ಕುಡಿದೆ. ಎರಡು. ಕುಡಿದೆ. ಮೂರು. ತಲೆಗೆ ಒರೆಸಿಕೊಂಡು ಹಿಂದೆ ಸರಿಯುತ್ತಿದ್ದೆ, ಮೇಷ್ಟ್ರು ಇನ್ನೊಂದು ಉದ್ಧರಣೆ ತುಂಬಿಕೊಂಡು ನಿಂತೇ ಇದ್ದರು.

"ಮೂರಾಯ್ತು ಮೇಷ್ಟ್ರೆ" ಅಂದೆ, ಮೆಲ್ಲಗೆ.

"ಗೊತ್ತು" ಅಂದರು, ದನಿ ಇನ್ನಷ್ಟು ತಗ್ಗಿಸಿ. "ಮೂರು ತೀರ್ಥದ್ದು. ಇದು ಹಾಡಿಗೆ."